ಕ್ರೊಖ್ಮಾಲ್ನಾ ಬೀದಿಯ 92ನೇ ನಂಬರು: ವಾರ್ಸಾದಲ್ಲಿ ಐದು ದಿನ

ಮೊದಲ ದಿನ, ಶುಕ್ರವಾರ

ಸಂಜೆ ಐದಕ್ಕೆ ಸರಿಯಾಗಿ ಊರೇ ನಿಂತುಹೋಯಿತು.

ಬೆಳಿಗ್ಗೆಯಷ್ಟೇ ವಾರ್ಸಾದಲ್ಲಿ ಇಳಿದಿದ್ದೆವು. ಮಧ್ಯಾಹ್ನ ಮಗಳ ಮನೆಯಲ್ಲಿ ಅನ್ನ ಸಾರು ಉಂಡು ಒಂದು ನಿದ್ದೆ ತೆಗೆದೆ. ಆಮೇಲೆ ಮೊಮ್ಮಗಳು ಪುಟ್ಟಿಯ ಕೈ ಹಿಡಿದು ಟ್ರಾಮ್ ನೋಡಲು ರಸ್ತೆಗೆ ಬಂದಿದ್ದೆ. ಇದ್ದಕ್ಕಿದ್ದಂತೆ ಸೈರನ್ ಕೂಗಿತು. ಒಂದಲ್ಲ, ಊರಿನ ಎಲ್ಲ ಮೂಲೆಗಳಿಂದ. ಟ್ರಾಮ್ ನಡು ಹಳಿಯಲ್ಲೇ ನಿಂತಿತು. ಕಾರಿನಲ್ಲಿದ್ದವರು ಬಾಗಿಲು ತೆಗೆದು ಹೊರಗೆ ಬಂದು ನಿಂತರು. ನಮ್ಮ ಎದುರು ಐಸ್‌ಕ್ರೀಮ್ ಹಿಡಿದಿದ್ದ ಹುಡುಗನೂ ಅಲ್ಲಾಡಲಿಲ್ಲ. ಐಸ್‌ಕ್ರೀಮ್ ಕರಗಿ ಅವನ ಮೊಣಕೈವರೆಗೆ ಇಳಿಯುತ್ತಿತ್ತು. ಮತ್ತೆಲ್ಲೋ ಬಾಂಬೋ ಏನೋ ಅಂತ ನನ್ನ ಎದೆ ಹೊಡೆದುಕೊಂಡಿತು. ಪುಟ್ಟಿ ಮೆಲ್ಲಗೆ, "ತಾತ, ಸುಮ್ನೆ ನಿಂತ್ಕೋ" ಅಂದಳು.

ಅದು ಆಗಸ್ಟ್ 1. 1944ರಲ್ಲಿ ಇದೇ ದಿನ ಇದೇ ಹೊತ್ತಿಗೆ ವಾರ್ಸಾದ ಜನ ನಾಜಿಗಳ ವಿರುದ್ಧ ದಂಗೆ ಎದ್ದಿದ್ದರು. ಪ್ರತಿ ವರ್ಷ ಊರು ಹೀಗೆ ಒಂದು ನಿಮಿಷ ನಿಲ್ಲುತ್ತದೆ. ಮಗಳು ಹೇಳಲು ಮರೆತಿದ್ದಳು. ನೀವೂ ಆ ದಿನ ಅಲ್ಲಿದ್ದರೆ ಗಾಬರಿ ಬೀಳಬೇಡಿ, ಪುಟ್ಟಿ ಹೇಳಿದ ಹಾಗೆ ಮಾಡಿ.

ನಾನು ಬಂದದ್ದು ಮಾತ್ರ ಇನ್ನೊಂದು ಆಗಸ್ಟ್‌ನ ಜಾಡು ಹಿಡಿದು, 1942ರದ್ದು. ಸಾಗರದ ಹೈಸ್ಕೂಲಿನಲ್ಲಿ ನಾವು ಟಾಗೋರರ 'ಅಂಚೆಮನೆ' ನಾಟಕ ಆಡಿದ್ದೆವು. ನಾನು ಮೊಸರು ಮಾರುವವನ ಪಾತ್ರ. ಮೇಷ್ಟ್ರು ಬೇಡ ಅಂದರೂ ಗಡಿಗೆಗೆ ನಿಜವಾದ ಮೊಸರನ್ನೇ ಹಾಕಿಕೊಂಡು ಹೋಗಿದ್ದೆ. ಕಿಟಕಿಯ ಹತ್ತಿರ ಕಾಲು ಜಾರಿ ಅಷ್ಟೂ ಮೊಸರು ಅಮಲನ ಮೇಲೆ ಬಿತ್ತು. ಸಾಯುವ ಪಾತ್ರದ ಹುಡುಗ ಪರದೆ ಬೀಳುವವರೆಗೂ ನಗುತ್ತಲೇ ಇದ್ದ. ಮೂವತ್ತು ವರ್ಷ ಕಳೆದ ಮೇಲೆ, ನಾನೇ ಮೇಷ್ಟ್ರಾಗಿದ್ದಾಗ, ಒಂದು ವಿಷಯ ಓದಿದೆ. ಅದೇ ನಾಟಕವನ್ನು 1942ರ ಜುಲೈ 18ರಂದು ವಾರ್ಸಾದ ಘೆಟ್ಟೋ ಒಳಗೆ, ಅಂದರೆ ನಾಜಿಗಳು ಯಹೂದಿಗಳನ್ನು ಗೋಡೆ ಕಟ್ಟಿ ಕೂಡಿಹಾಕಿದ್ದ ಕೇರಿಯಲ್ಲಿ, ಯಹೂದಿ ಅನಾಥ ಮಕ್ಕಳು ಆಡಿದ್ದರಂತೆ. ಮೂರು ವಾರ ತುಂಬುವ ಮೊದಲೇ ಆ ಮಕ್ಕಳನ್ನು ರೈಲಿಗೆ ತುಂಬಿದರಂತೆ. ಅಂದಿನಿಂದ ಈ ಊರು ತಲೆಯಲ್ಲೇ ಕೂತಿತ್ತು. ಮಗಳಿಗೆ ಇಲ್ಲೇ ಕೆಲಸ ಸಿಕ್ಕಿದ್ದು ನನ್ನ ಪುಣ್ಯ.

ರಾತ್ರಿ ಎಂಟೂವರೆಯಾದರೂ ಬೆಳಕಿತ್ತು. ಎಲ್ಲರೂ ಸಂಸ್ಕೃತಿ ಅರಮನೆಯ ಪಕ್ಕದ ಪಾರ್ಕಿಗೆ ಹೋದೆವು. ಸ್ಟಾಲಿನ್ ಕಾಲದ ದೈತ್ಯ ಕಟ್ಟಡ ಅದು, ವಾರ್ಸಾದಲ್ಲಿ ಎಲ್ಲಿ ನಿಂತರೂ ಕಾಣುತ್ತದೆ. ದಾರಿ ತಪ್ಪಿದಾಗ ಅದನ್ನೇ ಗುರುತು ಇಟ್ಟುಕೊಂಡರಾಯಿತು. ಪಾರ್ಕಿನಲ್ಲಿ ಆ ಮಕ್ಕಳ ಅನಾಥಾಲಯದ ಮುಖ್ಯಸ್ಥರಾಗಿದ್ದ ಯಾನುಷ್ ಕೊರ್ಚಾಕ್ ಅವರ ಸ್ಮಾರಕವಿದೆ. ಮಕ್ಕಳ ಡಾಕ್ಟರು ಮಕ್ಕಳನ್ನು ಹತ್ತಿರ ಸೇರಿಸಿಕೊಂಡು ನಿಂತಿದ್ದಾರೆ. ಅವರ ನಿಜವಾದ ಹೆಸರು ಹೆನ್ರಿಕ್ ಗೋಲ್ಡ್‌ಷ್ಮಿಟ್. ನಾಟಕ ಆಡಿದ ಮನೆ ಇದ್ದದ್ದು ಅಲ್ಲೇ, ಅರಮನೆ ಎದ್ದಿರುವ ಜಾಗದಲ್ಲೇ. ಶೆನ್ನಾ ಬೀದಿಯ ಆ ತುಂಡು ಈಗಿಲ್ಲ. ಅರಮನೆಯ ಆ ಭಾಗದಲ್ಲಿ ಈಗ ಮಕ್ಕಳ ಗೊಂಬೆಯಾಟದ ರಂಗಮಂದಿರ ನಡೆಯುತ್ತಿದೆ. ಬಾಗಿಲ ಬಳಿ ಒಂದು ಫಲಕ ಅಷ್ಟೇ.

ಎರಡನೇ ದಿನ, ಶನಿವಾರ

ದೊಡ್ಡ ಯೋಜನೆ ಹಾಕಿಕೊಂಡು ಹೊರಟೆವು. ಮೊದಲು ಓಕೊಪೋವಾ ಬೀದಿಯ ಯಹೂದಿ ಸ್ಮಶಾನ, ಆಮೇಲೆ ಘೆಟ್ಟೋಗೆ ಹೋಗುವ ಮೊದಲು ಆ ಮಕ್ಕಳಿದ್ದ ಅನಾಥಾಲಯ. ಸ್ಮಶಾನದ ಗೇಟಿಗೆ ಬೀಗ. ಶನಿವಾರ ಸಬ್ಬತ್, ಯಹೂದಿಗಳ ವಿಶ್ರಾಂತಿಯ ದಿನ. ಶುಕ್ರವಾರವೂ ಬೇಗ ಮುಚ್ಚುತ್ತಾರಂತೆ. "ಅಷ್ಟು ಓದಿದವರಿಗೆ ಇದು ಗೊತ್ತಿರಲಿಲ್ವಾ?" ಅಂತ ನನ್ನವಳು ಕೇಳಿದಳು. ಉತ್ತರ ಕೊಡದೆ ಟ್ರಾಮ್ ಹತ್ತಿದೆ.

ನಿಜವಾದ ಎಡವಟ್ಟು ಇನ್ನು ಮೇಲೆ. ವಾರ್ಸಾದಲ್ಲಿ ಕಾಗದದ ಟಿಕೆಟ್ ಕೊಂಡರೆ ಸಾಲದು, ಹತ್ತಿದ ಕೂಡಲೇ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಆ 'ಟಕ್' ಸದ್ದು ಅಂದರೆ ಪುಟ್ಟಿಗೆ ಪ್ರಾಣ. ನಾನು ನಾಲ್ಕು ಕಾಸು ಉಳಿಸಲು 20 ನಿಮಿಷದ ಟಿಕೆಟ್ ತೆಗೆದಿದ್ದೆ. ಪುಸ್ತಕದಲ್ಲಿ ಅನಾಥಾಲಯದ ವಿಳಾಸ ಕ್ರೊಖ್ಮಾಲ್ನಾ 92 ಅಂತಿತ್ತು. ಕ್ರೊಖ್ಮಾಲ್ನಾ ಸಿಕ್ಕಿತು, ಆದರೆ 92 ಬರುವ ಮೊದಲೇ ಬೀದಿ ಮುಗಿಯಿತು. ಮತ್ತೆ ಟ್ರಾಮ್. ಅಷ್ಟರಲ್ಲಿ 20 ನಿಮಿಷ ಕಳೆದಿತ್ತು. ಅದೇ ಹೊತ್ತಿಗೆ ತಪಾಸಣೆಯವರು ಹತ್ತಬೇಕೇ! ದಂಡ ತೆತ್ತೆ. ಸಿಟ್ಟೆಲ್ಲ ಪುಟ್ಟಿಯ ಮೇಲೆ ತಿರುಗಿತು. "ನಿನಗೆ ಯಾರು ಹೇಳಿದ್ದು ಹತ್ತಿದ ತಕ್ಷಣ ಒತ್ತು ಅಂತ?" ಅಂತ ಎಲ್ಲರ ಎದುರು ಗದರಿಸಿಬಿಟ್ಟೆ. ಹತ್ತಿದ ತಕ್ಷಣ ಒತ್ತಬೇಕು ಅನ್ನುವುದೇ ಅಲ್ಲಿಯ ನಿಯಮ. ಮಗು ಅಳಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತಳು.

ಕೊನೆಗೆ ದಾರಿ ತೋರಿಸಿದ್ದು ಗಿಡ್ಡ ಕಾಲಿನ ನಾಯಿ ಹಿಡಿದುಕೊಂಡು ಹೊರಟಿದ್ದ ಒಬ್ಬ ಅಜ್ಜಿ. ಮಗಳು ಮಧ್ಯೆ ನಿಂತು ಪೋಲಿಷ್ ಮಾತಾಡಿದಳು. ಯುದ್ಧದ ನಂತರ ಬೀದಿಗಳನ್ನು ಕಡಿದು ಹೊಸ ಹೆಸರು ಇಟ್ಟರಂತೆ. ಹಳೆಯ ಕ್ರೊಖ್ಮಾಲ್ನಾ 92 ಈಗ ಯಾಕ್ಟೊರೊವ್ಸ್ಕಾ ಬೀದಿಯ 6ನೇ ನಂಬರು. ಹೋಗುವವರು ಆ ಹೆಸರನ್ನೇ ಮೊಬೈಲಿಗೆ ಕೊಡಿ, ನಮ್ಮ ಹಾಗೆ ಅಲೆಯಬೇಡಿ. ಅಜ್ಜಿ ಹುಟ್ಟಿದ್ದು 1946ರಲ್ಲಿ. "ನಾವು ಆಡಿದ್ದೇ ಇಟ್ಟಿಗೆ ಗುಡ್ಡೆಗಳ ಮೇಲೆ. ಪಾರ್ಕ್ ಅಂದರೆ ಏನು ಅಂತ ಗೊತ್ತಿರಲಿಲ್ಲ" ಅಂದರು. ಗೇಟಿನವರೆಗೂ ಬಂದು ಬಿಟ್ಟು ಹೋದರು.

ಮರಗಳ ನಡುವೆ ಬಿಳಿ ಕಟ್ಟಡ. ಎದುರಿಗೆ ಡಾಕ್ಟರ ಎದೆಮಟ್ಟದ ಮೂರ್ತಿ. ಒಳಗಿನ ಸಂಗ್ರಹ ನೋಡಬೇಕು ಅಂದರೆ ಮೊದಲೇ ಬರೆದು ಕೇಳಿಕೊಳ್ಳಬೇಕಿತ್ತು. ಅದು ನನ್ನ ತಪ್ಪು. ಹೊರಗೇ ಬೆಂಚಿನ ಮೇಲೆ ಕೂತು ಕಿಟಕಿಗಳನ್ನು ನೋಡಿದೆ.

ಇದು 'ದೊಮ್ ಶೆರೋತ್'. ಅಂದರೆ ಅನಾಥರ ಮನೆ. 1912ರಲ್ಲಿ ಶುರುವಾಯಿತು. ಕಟ್ಟಿಸಿದ್ದು 'ಅನಾಥರಿಗೆ ನೆರವು' ಅನ್ನುವ ಯಹೂದಿ ಸಂಘ. ಚರ್ಮದ ಡಾಕ್ಟರ್ ಇಸಾಕ್ ಎಲಿಯಾಸ್‌ಬರ್ಗ್ ಅದರ ಮುಂದಾಳು. ಸದಸ್ಯರ ವಂತಿಗೆ, ಉಳ್ಳವರ ದೇಣಿಗೆ, ಹೀಗೆ ಕಾಸು ಕೂಡಿಸಿ ಕಟ್ಟಿದ ಮನೆ. ಆ ಕಾಲಕ್ಕೇ ವಿದ್ಯುತ್ ದೀಪ, ಸ್ನಾನದ ಮನೆ, ಚಳಿಗಾಲಕ್ಕೆ ಕಾಯಿಸುವ ಕೊಳವೆಗಳು ಎಲ್ಲ ಇದ್ದವು. ಏಳರಿಂದ ಹದಿನಾಲ್ಕು ವಯಸ್ಸಿನ ನೂರಕ್ಕೂ ಹೆಚ್ಚು ಮಕ್ಕಳು. ಕೊರ್ಚಾಕ್ ಮೇಲಿನ ಅಟ್ಟದ ಕೋಣೆಯಲ್ಲಿ ಇರುತ್ತಿದ್ದರು. ಯುದ್ಧದಲ್ಲಿ ಸುಟ್ಟ ಕಟ್ಟಡವನ್ನು ಮತ್ತೆ ಎಬ್ಬಿಸಿದಾಗ ಆ ಅಟ್ಟವನ್ನು ಕಟ್ಟಲಿಲ್ಲ. ಹಳೆಯ ಫೋಟೋ ನೋಡಿ ಬಂದವರಿಗೆ ಕಟ್ಟಡ ತಲೆಯಿಲ್ಲದಂತೆ ಕಾಣುತ್ತದೆ.

ಮನೆ ನಡೆಸುತ್ತಿದ್ದುದು ನಿಜಕ್ಕೂ ಸ್ಟೆಫಾನಿಯಾ ವಿಲ್ಚಿನ್ಸ್ಕಾ. ಮಕ್ಕಳ ಬಾಯಲ್ಲಿ 'ಪಾನಿ ಸ್ಟೆಫಾ', ನಮ್ಮಲ್ಲಿ ಸ್ಟೆಫಾ ಮೇಡಂ ಅನ್ನುವ ಹಾಗೆ. ಡಾಕ್ಟರ ಹೆಸರು ಲೋಕಕ್ಕೆಲ್ಲ ಗೊತ್ತು. ಯಾರ ಕಿವಿ ನೋಯುತ್ತಿದೆ, ಯಾರ ಚಪ್ಪಲಿ ಹರಿದಿದೆ ಅಂತ ಗೊತ್ತಿದ್ದದ್ದು ಈಕೆಗೆ. ಇಂಥವರ ಮೂರ್ತಿ ಯಾಕೋ ಯಾವ ಊರಲ್ಲೂ ಕಡಿಮೆ.

ಈ ಮನೆಯ ವಿಶೇಷ ಊಟ, ಹಾಸಿಗೆ ಅಲ್ಲ. ಅದನ್ನು ಬೇರೆ ಅನಾಥಾಲಯಗಳೂ ಕೊಡುತ್ತಿದ್ದವು. ಇಲ್ಲಿ ಮಕ್ಕಳದೇ ಕೋರ್ಟು ಇತ್ತು. ಆ ವಾರ ಯಾರ ಮೇಲೂ ದೂರು ಇಲ್ಲದ ಮಕ್ಕಳ ಹೆಸರು ಬರೆದು, ಚೀಟಿ ಎತ್ತಿ, ಐವರು ಜಡ್ಜ್‌ಗಳನ್ನು ಆರಿಸುತ್ತಿದ್ದರು. ಯಾರು ಯಾರ ಮೇಲೆ ಬೇಕಾದರೂ ದೂರು ಕೊಡಬಹುದು, ದೊಡ್ಡವರ ಮೇಲೂ. ಡಾಕ್ಟರು ಬರೆದ ಕಾನೂನಿನಲ್ಲಿ ಮೊದಲ 99 ಕಲಮುಗಳು ಬರೀ ಕ್ಷಮೆಗೆ. ನೂರನೇ ಕಲಮಿನಲ್ಲಿ ಮೊದಲ ಬಾರಿ 'ಕ್ಷಮೆ ಇಲ್ಲ' ಅನ್ನುವ ಮಾತು. ಅಲ್ಲಿಂದ ನೂರು ನೂರಾಗಿ ಮೇಲೇರಿ, ಸಾವಿರ ಅಂದರೆ ಮನೆಯಿಂದ ಹೊರಗೆ. ಒಂದು ಸಲ ಆರು ತಿಂಗಳಲ್ಲಿ ಡಾಕ್ಟರು ತಮ್ಮ ಮೇಲೆ ತಾವೇ ಐದು ದೂರು ಕೊಟ್ಟಿದ್ದರು. ಒಬ್ಬ ಹುಡುಗನ ಕಿವಿ ಹಿಂಡಿದ್ದಕ್ಕೆ ಒಂದು. ಒಬ್ಬಳು ಹುಡುಗಿಯ ಮೇಲೆ ಸುಮ್ನೆ ಕಳ್ಳತನದ ಅನುಮಾನ ಪಟ್ಟಿದ್ದಕ್ಕೆ ಇನ್ನೊಂದು.

ಇದನ್ನು ಬೆಂಚಿನ ಮೇಲೆ ಪುಟ್ಟಿಗೆ ಹೇಳಿದೆ. ಸಮಾಧಾನ ಮಾಡೋಣ ಅಂತ. ಅವಳು ಎಲ್ಲವನ್ನೂ ಕೇಳಿ, "ಡಾಕ್ಟರ್ ತಾವೇ ಕಂಪ್ಲೇಂಟ್ ಕೊಟ್ಟರಾ?" ಅಂದಳು. ಹೌದು ಅಂದೆ. "ಹ್ಞೂಂ" ಅಂದಳು. ಆ 'ಹ್ಞೂಂ' ನನಗೆ ಅಷ್ಟು ಸರಿ ಕಾಣಲಿಲ್ಲ.

ಮಧ್ಯಾಹ್ನ ಮೂರಕ್ಕೆ ಹೊಟ್ಟೆ ಕೂಗಿತು. 'ಬಾರ್ ಮ್ಲೆಚ್ನಿ' ಅಂತ ಇಲ್ಲಿ ಅಗ್ಗದ ಊಟದ ಮನೆಗಳಿವೆ. ಹೆಸರಲ್ಲಿ ಬಾರ್ ಇದ್ದರೂ ಹೆಂಡದ ಅಂಗಡಿಯಲ್ಲ, 'ಹಾಲಿನ ಬಾರ್' ಅಂತ ಅರ್ಥ. ಮೊದಲು ಕೌಂಟರಿನಲ್ಲಿ ಕಾಸು ಕೊಟ್ಟು, ಚೀಟಿಯನ್ನು ಅಡುಗೆಮನೆಯ ಕಿಂಡಿಗೆ ಕೊಡಬೇಕು. ತಟ್ಟೆ ನಾವೇ ವಾಪಸ್ ಇಡಬೇಕು. ಆಲೂಗಡ್ಡೆ, ಗಿಣ್ಣು ತುಂಬಿದ ಪಿಯೆರೋಗಿ ತಂದರು. ನೋಡಲು ಕರ್ಜಿಕಾಯಿ, ಬಾಯಿಗಿಟ್ಟರೆ ಕಡುಬು. 'ರುಸ್ಕಿಯೆ' ಅಂತ ಕೇಳಿ ತೆಗೆದುಕೊಂಡರೆ ಮಾಂಸ ಇರುವುದಿಲ್ಲ. ಆದರೆ ಮೇಲೆ ಹಂದಿ ಕೊಬ್ಬಿನ ಚೂರು ಉದುರಿಸುವುದುಂಟು, ಬೇಡ ಅಂತ ಮೊದಲೇ ಹೇಳಬೇಕು. ಜೊತೆಗೆ 'ಹ್ವೊದ್ನಿಕ್'. ಬೀಟ್ರೂಟ್, ಸೌತೆಕಾಯಿ, ಸಬ್ಬಸಿಗೆ ಹಾಕಿದ ಹುಳಿ ಮಜ್ಜಿಗೆಯ ತಣ್ಣನೆಯ ಸೂಪು, ಗುಲಾಬಿ ಬಣ್ಣದ್ದು. ಅದರಲ್ಲಿ ಬೇಯಿಸಿದ ಮೊಟ್ಟೆ ತೇಲುತ್ತಿತ್ತು, ಅದನ್ನು ಅಳಿಯನ ತಟ್ಟೆಗೆ ದಾಟಿಸಿದೆವು. ನನ್ನವಳು ಒಂದು ಗುಟುಕು ಕುಡಿದು ತೀರ್ಪು ಕೊಟ್ಟಳು: "ಇದು ತಂಬುಳಿ. ಒಗ್ಗರಣೆ ಮರೆತಿದ್ದಾರೆ."

ಮೂರನೇ ದಿನ, ಭಾನುವಾರ

ಇವತ್ತು ಸ್ಮಶಾನ ತೆರೆದಿತ್ತು. ಗಂಡಸರು ತಲೆ ಮುಚ್ಚಿಕೊಂಡು ಹೋಗಬೇಕು. ನಾನು ಮಂಕಿ ಕ್ಯಾಪ್ ತಂದಿದ್ದೆ, ಮಗಳು ನಾಚಿಕೊಂಡು ತನ್ನ ಗಂಡನ ಟೋಪಿ ಕೊಟ್ಟಳು. ಒಳಗೆ ಕಾಡು. ಮರಗಳ ಬೇರು ಗೋರಿಗಳನ್ನು ಎತ್ತಿ ಓರೆ ಮಾಡಿವೆ. ಇಲ್ಲಿ ಹೂವಿಡುವುದಿಲ್ಲ, ಗೋರಿಯ ಮೇಲೆ ಕಲ್ಲಿಡುತ್ತಾರೆ. ಎಸ್ಪೆರಾಂಟೊ ಭಾಷೆ ಕಟ್ಟಿದ ಜಮೆನ್‌ಹಾಫ್ ಇಲ್ಲೇ ಮಲಗಿದ್ದಾರೆ. ಸ್ವಲ್ಪ ಮುಂದೆ ಕೊರ್ಚಾಕ್ ಮೂರ್ತಿ. ಒಂದು ಮಗುವನ್ನು ಎತ್ತಿಕೊಂಡಿದ್ದಾರೆ, ಹಿಂದೆ ಮಕ್ಕಳ ಸಾಲು. ಕೆಳಗೆ ಗೋರಿ ಇಲ್ಲ. ದೇಹವೇ ಸಿಗಲಿಲ್ಲವಲ್ಲ.

ಅಲ್ಲಿಂದ ನಡೆದು ಹ್ವೊದ್ನಾ ಬೀದಿ. 'ತಂಪು' ಅಂತ ಆ ಹೆಸರಿನ ಅರ್ಥ. ಆ ದಿನ 32 ಡಿಗ್ರಿ ಬಿಸಿಲು. ಕಾಲುದಾರಿಯಲ್ಲಿ ಕಬ್ಬಿಣದ ಪಟ್ಟಿ ಕೂರಿಸಿದ್ದಾರೆ, 'ಘೆಟ್ಟೋ ಗೋಡೆ 1940–1943' ಅಂತ ಅದರ ಮೇಲಿದೆ. ಪುಟ್ಟಿ ಅದರ ಮೇಲೆ ಕುಂಟಾಬಿಲ್ಲೆಯ ಹಾಗೆ ಆ ಕಡೆ ಈ ಕಡೆ ಹಾರಿದಳು. ಬೇಡ ಅನ್ನಲು ಬಾಯಿ ತೆಗೆದು ಸುಮ್ಮನಾದೆ. ಎರಡು ದಿನದಲ್ಲಿ ಎರಡು ಸಲ ಗದರಿಸುವುದು ಬೇಡ ಅಲ್ವಾ.

1940ರ ಕೊನೆಗೆ ಈ ಗೋಡೆಯ ಒಳಗೆ 4 ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಕೂಡಿಹಾಕಿದರು. ಕ್ರೊಖ್ಮಾಲ್ನಾದ ಮನೆ ಗೋಡೆಯ ಹೊರಗೆ ಉಳಿಯಿತು, ಮಕ್ಕಳು ಒಳಗೆ ಬರಬೇಕಾಯಿತು. ಮೊದಲು ಇದೇ ಹ್ವೊದ್ನಾದ 33ನೇ ಮನೆಗೆ. ಬರುವಾಗ ಆಲೂಗಡ್ಡೆ ಗಾಡಿಯೊಂದನ್ನು ಜರ್ಮನ್ನರು ಕಿತ್ತುಕೊಂಡರು. ಡಾಕ್ಟರು ಅದನ್ನು ಕೇಳಲು ಅಧಿಕಾರಿಗಳ ಬಳಿಗೇ ಹೋದರು, ಯಹೂದಿಗಳು ಕಡ್ಡಾಯವಾಗಿ ತೊಡಬೇಕಿದ್ದ ತೋಳಪಟ್ಟಿಯನ್ನೂ ತೊಡದೆ. ಜೈಲಿಗೆ ಹಾಕಿದರು. ಬಿಡುಗಡೆಯಾಗಿ ಬಂದ ಮೇಲೆ ಅವರ ದಿನಚರಿ ಒಂದೇ: ಚೀಲ ಹಿಡಿದು ಮನೆಮನೆ ಬಾಗಿಲು ತಟ್ಟುವುದು, ಮಕ್ಕಳಿಗೆ ಇವತ್ತಿನ ಊಟಕ್ಕೆ ಏನಾದರೂ ತರುವುದು. ವಯಸ್ಸು ಅರವತ್ತು ದಾಟಿತ್ತು, ಕಾಲು ಬಾತಿದ್ದವು. 1941ರ ಕೊನೆಗೆ ಘೆಟ್ಟೋ ಇನ್ನೂ ಕಿರಿದಾಯಿತು. ಆಗ ಶೆನ್ನಾ ಬೀದಿಗೆ ಬಂದರು.

ಒಳಗೆ ಅನಾಥರ ಕೆಲಸ ನೋಡುತ್ತಿದ್ದ ಸಂಸ್ಥೆ 'ಸೆಂಟೋಸ್'. ಅದು ಯುದ್ಧಕ್ಕೆ ಮೊದಲೇ, 1924ರಿಂದ ಇತ್ತು. ಅಮೆರಿಕದ ಯಹೂದಿಗಳ 'ಜಾಯಿಂಟ್' ಸಂಸ್ಥೆಯಿಂದ ಹಣ ಬರುತ್ತಿತ್ತು. ಗಂಜಿ ಕೇಂದ್ರಗಳು, ಹಗಲು ಮನೆಗಳು, ಅನಾಥಾಲಯಗಳನ್ನು ಅದು ನಡೆಸಿತು. 1941ರಲ್ಲಿ ಒಂದು ತಿಂಗಳು ಪೂರ್ತಿ ಮಕ್ಕಳಿಗಾಗಿ ಚಂದಾ ಎತ್ತಿದರು. 'ನಮ್ಮ ಮಕ್ಕಳು ಬದುಕಬೇಕು' ಅನ್ನುವುದು ಘೋಷಣೆ. ಚಂದಾ ಕೊಟ್ಟವರೂ ಹಸಿದವರೇ.

ಮಧ್ಯಾಹ್ನ ತ್ವೊಮಾಟ್ಸ್ಕಿಯೆಯ ಯಹೂದಿ ಇತಿಹಾಸ ಸಂಸ್ಥೆಗೆ ಹೋದೆವು. ಬಿಸಿಲಿಗೆ ಒಳ್ಳೆಯ ಜಾಗ. ಒಳಗೆ ಕಾಲಿಟ್ಟ ಕೂಡಲೇ ನೆಲ ನೋಡಿ. 1943ರ ಮೇ 16ರಂದು ಪಕ್ಕದ ದೊಡ್ಡ ಪ್ರಾರ್ಥನಾ ಮಂದಿರವನ್ನು ನಾಜಿಗಳು ಸ್ಫೋಟಿಸಿದಾಗ ಬೆಂಕಿ ಇಲ್ಲಿಗೂ ಬಂತು. ಕಲ್ಲಿನ ನೆಲದಲ್ಲಿ ಆ ಸುಟ್ಟ ಕಲೆ ಹಾಗೇ ಇದೆ. ಒಳಗೆ ಒಂದು ತುಕ್ಕು ಹಿಡಿದ ಹಾಲಿನ ಕ್ಯಾನು ಇಟ್ಟಿದ್ದಾರೆ. ನಮ್ಮ ಡೈರಿಗೆ ಹಾಲು ಹಾಕುವ ಕ್ಯಾನಿನಂಥದ್ದೇ, ಬುಡ ಸ್ವಲ್ಪ ನಗ್ಗಿದೆ. ಇತಿಹಾಸಕಾರ ಇಮ್ಯಾನುಯೆಲ್ ರಿಂಗೆಲ್‌ಬ್ಲೂಮ್ ಮತ್ತು ಜೊತೆಗಾರರು ಘೆಟ್ಟೋದ ಕಾಗದಪತ್ರಗಳನ್ನೆಲ್ಲ ಪೆಟ್ಟಿಗೆಗಳಲ್ಲಿ, ಇಂಥ ಕ್ಯಾನುಗಳಲ್ಲಿ ತುಂಬಿ ನೆಲದಲ್ಲಿ ಹೂತಿದ್ದರು. ಪೆಟ್ಟಿಗೆಗಳು 1946ರಲ್ಲಿ, ಕ್ಯಾನುಗಳು 1950ರಲ್ಲಿ ಸಿಕ್ಕವು. ಮಕ್ಕಳ ಶಾಲೆಯ ಪ್ರಬಂಧಗಳೂ ಅದರಲ್ಲಿದ್ದವು.

ಅಲ್ಲಿ ಸಂದರ್ಶಕರಿಗೆ ವಿವರಿಸುವ ಒಬ್ಬ ಯುವಕನ ಜೊತೆ ಮಾತಿಗೆ ಸಿಕ್ಕೆ. ನಾನು ನನ್ನಪ್ಪನ ಕತೆ ಹೇಳಿದೆ. ಅಪ್ಪ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ವಕೀಲರ ಮನೆ, ಮಂಗಳವಾರ ಜೋಯಿಸರ ಮನೆ, ಹೀಗೆ. ಗುರುವಾರಕ್ಕೆ ಮಾತ್ರ ಮನೆ ಸಿಕ್ಕಿರಲಿಲ್ಲ. ಎಂಬತ್ತು ದಾಟಿದ ಮೇಲೂ ಗುರುವಾರ ಅಂದರೆ ಅಪ್ಪನಿಗೆ ಏನೋ ಒಂಥರಾ. ಅನ್ನ ಹಾಕಿದ ಯಾರನ್ನೂ ಅವರು ಬೈಯಲಿಲ್ಲ. ಆದರೆ ಒಂದು ಮಾತು ಹೇಳುತ್ತಿದ್ದರು: "ಎಲೆ ಹಾಕುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ, ಎಲೆ ನೋಡುತ್ತಿದ್ದರು."

ಯುವಕ ಕೇಳಿ ನಕ್ಕ. "ಇದಕ್ಕೆ ನಮ್ಮಲ್ಲೂ ಹೆಸರಿದೆ" ಅಂದ. ಬಡ ಯಹೂದಿ ಹುಡುಗರು ಧಾರ್ಮಿಕ ಶಾಲೆಗೆ ಬೇರೆ ಊರಿಗೆ ಹೋದಾಗ ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದರಂತೆ. ಯಿದ್ದಿಷ್ ಭಾಷೆಯಲ್ಲಿ 'ಎಸ್ನ್ ಟೆಗ್', ಉಣ್ಣುವ ದಿನಗಳು. ವಾರಾನ್ನವೇ ಸರಿ! ಪ್ರತಿ ಮನೆಯಲ್ಲಿ ಚಿಲ್ಲರೆ ಹಾಕುವ ಒಂದು ಡಬ್ಬಿಯೂ ಇರುತ್ತಿತ್ತಂತೆ, 'ಪುಷ್ಕೆ' ಅಂತ. ನಮ್ಮಜ್ಜಿ ತಿರುಪತಿಗೆ ಮುಡಿಪು ಕಟ್ಟಿಡುತ್ತಿದ್ದ ಡಬ್ಬಿ ನೆನಪಾಯಿತು. ಅವರ ಡಬ್ಬಿಯ ಕಾಸು ಬಡವರಿಗೆ, ಅನಾಥರಿಗೆ ಹೋಗುತ್ತಿತ್ತು. ಹೀಗೆ ಕೊಡುವುದಕ್ಕೆ ಹೀಬ್ರೂ ಮಾತು 'ತ್ಸೆದಾಕಾ'. ಅದರ ಬೇರು ಕರುಣೆಯಲ್ಲ, ನ್ಯಾಯ. ಕೊಡುವುದು ಉಪಕಾರವಲ್ಲ, ಬಾಕಿ ತೀರಿಸಿದ ಹಾಗೆ.

ನನಗೆ ಹಿಂದಿನ ದಿನದ ಕೋರ್ಟು ನೆನಪಾಯಿತು. ದಾನದ ಅನ್ನ ಉಣ್ಣುವ ಹುಡುಗನಿಗೆ ಅನ್ನ ಹಾಕಿದವರ ಮೇಲೇ ದೂರು ಕೊಡುವ ಹಕ್ಕು. ಅಪ್ಪನಿಗೆ ಅಂಥದ್ದೊಂದು ಕೋರ್ಟು ಇದ್ದಿದ್ದರೆ ಅವರು ದೂರು ಕೊಡುತ್ತಿರಲಿಲ್ಲ, ಅಂಥ ಸ್ವಭಾವ ಅವರದ್ದಲ್ಲ. ಆದರೆ ಕೊಡಬಹುದು ಅಂತ ಗೊತ್ತಿದ್ದರೆ ಗುರುವಾರ ಇನ್ನೊಂದು ಬಾಗಿಲು ತಟ್ಟುತ್ತಿದ್ದರೇನೋ. 1942ರಲ್ಲಿ ಅಪ್ಪನಿಗೆ ಹನ್ನೆರಡು ವರ್ಷ.

ಸಂಜೆ ವಾಪಸ್ ಬರುವಾಗ ಶ್ಲಿಸ್ಕಾ ಬೀದಿಯ ಹಳೆಯ ಮಕ್ಕಳ ಆಸ್ಪತ್ರೆ ತೋರಿಸಿದಳು ಮಗಳು. ಬೆರ್ಸೊನ್, ಬೌಮನ್ ಅನ್ನುವ ಎರಡು ಶ್ರೀಮಂತ ಯಹೂದಿ ಕುಟುಂಬಗಳು ಬಡ ಮಕ್ಕಳಿಗಾಗಿ ಕಟ್ಟಿಸಿದ್ದು, 1878ರಲ್ಲಿ ತೆರೆದದ್ದು. ಕೊರ್ಚಾಕ್ ಅನಾಥಾಲಯಕ್ಕೆ ಬರುವ ಮೊದಲು ಡಾಕ್ಟರಾಗಿ ದುಡಿದದ್ದು ಇಲ್ಲೇ. ಅದನ್ನು ಘೆಟ್ಟೋ ಮ್ಯೂಸಿಯಂ ಮಾಡುವ ಕೆಲಸ ನಡೆಯುತ್ತಿದೆ.

ನಾಲ್ಕನೇ ದಿನ, ಸೋಮವಾರ

ಟ್ರೆಬ್ಲಿಂಕಾಕ್ಕೆ ನಾನೂ ನನ್ನವಳೂ ಇಬ್ಬರೇ ಹೋದೆವು. ಆ ಮಕ್ಕಳನ್ನು ತುಂಬಿದ ರೈಲು ಹೋದದ್ದು ಅಲ್ಲಿಗೆ, ನಾಜಿಗಳ ಸಾವಿನ ಶಿಬಿರಕ್ಕೆ. ಏಳು ವರ್ಷದ ಮಗುವಿಗೆ ಅದು ಬೇಡ. ವಾರ್ಸಾದಿಂದ ರೈಲಿನಲ್ಲಿ ಮಾವ್ಕಿನ್ಯಾ, ಒಂದು ಗಂಟೆ ಚಿಲ್ಲರೆ. ಅಲ್ಲಿಂದ ಬಸ್ಸು ನಂಬಬೇಡಿ, ಟ್ಯಾಕ್ಸಿಯೇ ಗತಿ. ವಾಪಸ್ ಕರೆದುಕೊಂಡು ಹೋಗಬೇಕು ಅಂತ ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಕಾಡಿನಲ್ಲಿ ಕೂರಬೇಕಾಗುತ್ತದೆ. ಡ್ರೈವರ್ ಐವತ್ತರ ಆಸುಪಾಸಿನವ. ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆ. ದಾರಿಯುದ್ದಕ್ಕೂ ಪೈನ್ ಮರ. ಮಳೆ ಶುರುವಾಯಿತು, ನಮ್ಮ ಮಲೆನಾಡಿನ ಜಡಿಮಳೆಯಲ್ಲ, ಹಿಟ್ಟು ಜರಡಿ ಹಿಡಿದ ಹಾಗೆ. ಸೊಳ್ಳೆಗಳು ಮಾತ್ರ ಪಕ್ಕಾ ಮಲೆನಾಡಿನವೇ. ಎಣ್ಣೆ ಹಚ್ಚಿಕೊಂಡು ಹೋಗಿ.

ಅಲ್ಲಿ ನೋಡಲು ಏನೂ ಇಲ್ಲ. ನಾಜಿಗಳೇ ಎಲ್ಲ ಕೆಡವಿ ಹೋಗಿದ್ದರು. ರೈಲು ಹಳಿ ಇದ್ದ ಕಡೆ ಈಗ ಕಾಂಕ್ರೀಟ್ ದಿಮ್ಮಿಗಳನ್ನು ಹಾಸಿದ್ದಾರೆ. ಮುಂದೆ ಬಯಲು, ಬಯಲ ತುಂಬ ಒರಟು ಕಲ್ಲುಗಳು, ಸುಮಾರು 17 ಸಾವಿರ. ಕೆಲವು ಕಲ್ಲುಗಳ ಮೇಲೆ ಊರಿನ ಹೆಸರು, ಉಳಿದವು ಬರೀ ಕಲ್ಲು. ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಇಲ್ಲಿ ಕೊಂದರು. ಒಬ್ಬ ಮನುಷ್ಯನ ಹೆಸರಿರುವುದು ಒಂದೇ ಒಂದು ಕಲ್ಲಿನ ಮೇಲೆ. 'ಯಾನುಷ್ ಕೊರ್ಚಾಕ್ (ಹೆನ್ರಿಕ್ ಗೋಲ್ಡ್‌ಷ್ಮಿಟ್) ಮತ್ತು ಮಕ್ಕಳು'.

ಮತ್ತು ಮಕ್ಕಳು. ಸುಮಾರು 200.

ಆ ಕಲ್ಲಿನ ಹತ್ತಿರ ಕೊಡೆ ಹಿಡಿದು ನಿಂತು ನನ್ನವಳಿಗೆ ನಾಟಕದ ಕತೆ ಹೇಳಿದೆ. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ಪೂರ್ತಿ ಹೇಳಿರಲಿಲ್ಲ, ಮೊಸರು ಚೆಲ್ಲಿದ್ದನ್ನು ಮಾತ್ರ ಹೇಳಿ ನಗಿಸಿದ್ದೆ. ಅಮಲ್ ತಂದೆತಾಯಿ ಇಲ್ಲದ ಹುಡುಗ. ಸಾಕಿದವರ ಮನೆಯಲ್ಲಿ ಕಾಯಿಲೆ ಬಿದ್ದಿದ್ದಾನೆ. ಹೊರಗೆ ಬಿಡಬೇಡಿ ಅಂತ ವೈದ್ಯರ ಅಪ್ಪಣೆ. ಕಿಟಕಿಯ ಪಕ್ಕ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾನೆ. ಮೊಸರಿನವನ ಹತ್ತಿರ, ನಿನ್ನ ಊರು ಎಲ್ಲಿ, ಹೇಗೆ ಕೂಗಿ ಮಾರುತ್ತೀಯ, ನನಗೂ ಕಲಿಸು ಅನ್ನುತ್ತಾನೆ. ರಾಜನಿಂದ ತನಗೊಂದು ಕಾಗದ ಬರುತ್ತದೆ ಅಂತ ಕಾಯುತ್ತಾನೆ. ಕೊನೆಗೆ ರಾಜವೈದ್ಯ ಬಂದು ಬಾಗಿಲು ಕಿಟಕಿ ಎಲ್ಲ ತೆಗೆಯಿರಿ ಅನ್ನುತ್ತಾನೆ. ಹುಡುಗ ನಿದ್ದೆ ಹೋಗುತ್ತಾನೆ.

ಘೆಟ್ಟೋದಲ್ಲಿ ಇದನ್ನು ಮಕ್ಕಳಿಗೆ ಕಲಿಸಿದ್ದು ಎಸ್ಥೆರ್ಕಾ ವಿನೋಗ್ರೋನ್ ಅನ್ನುವ ಹುಡುಗಿ. ಡಾಕ್ಟರಿಗೆ ಕೆಲಸದಲ್ಲಿ ನೆರವಾಗುತ್ತಿದ್ದಳು. ಗೋಡೆಯ ಒಳಗಿನ ಮಗು ಕಿಟಕಿಯ ಪಕ್ಕ ಕೂತು, ಬೆಟ್ಟದ ಆಚೆ ಏನಿದೆ ಅಂತ ಕೇಳುವ ಮಾತನ್ನು ಬಾಯಿಪಾಠ ಮಾಡಿದೆ. ನಾವು ಸಾಗರದಲ್ಲಿ ಬಾಯಿಪಾಠ ಮಾಡಿದ್ದು ಅದನ್ನೇ. ಈ ನಾಟಕವೇ ಯಾಕೆ ಅಂತ ಯಾರೋ ಕೇಳಿದ್ದಕ್ಕೆ, ಸಾವನ್ನು ಶಾಂತವಾಗಿ ಒಪ್ಪಿಕೊಳ್ಳುವುದನ್ನು ಕಲಿಯಬೇಕು ಅಂತ ಡಾಕ್ಟರು ಹೇಳಿದರು ಎಂದು ಬರೆದಿದ್ದಾರೆ. ಇರಬಹುದು. ನನಗೆ ಮೇಷ್ಟ್ರ ಬುದ್ಧಿ. ಹಸಿದ ಮಕ್ಕಳನ್ನು ನಾಲ್ಕು ವಾರ ತಾಲೀಮಿನಲ್ಲಿ ಮುಳುಗಿಸಿಟ್ಟರೆ ನಾಲ್ಕು ವಾರ ಅವರು ಬೇರೆ ಕಡೆ ಇರುತ್ತಾರೆ ಅಂತಲೂ ಅವರಿಗೆ ಗೊತ್ತಿದ್ದಿರಬೇಕು.

ನಾಟಕ ಜುಲೈ 18ಕ್ಕೆ. ಜುಲೈ 22ರಿಂದ ರೈಲುಗಳು ಹೊರಟವು. ಆಗಸ್ಟ್ ಮೊದಲ ವಾರ ಡಾಕ್ಟರು, ಸ್ಟೆಫಾ, ಉಳಿದ ಸಿಬ್ಬಂದಿ, ಮಕ್ಕಳು ಎಲ್ಲರೂ ಸಾಲಾಗಿ ರೈಲಿನ ಕಡೆ ನಡೆದರು. ತಪ್ಪಿಸಿಕೊಳ್ಳಿ ಅಂತ ಡಾಕ್ಟರನ್ನು ಗೆಳೆಯರು ಮೊದಲೇ ಎಷ್ಟೋ ಸಲ ಕರೆದಿದ್ದರು. ಅವರು ಒಪ್ಪಿರಲಿಲ್ಲ. ಸ್ಟೆಫಾ ಯುದ್ಧಕ್ಕೆ ಸ್ವಲ್ಪ ಮೊದಲು ಪ್ಯಾಲೆಸ್ಟೈನಿನಲ್ಲಿದ್ದವರು, ಮಕ್ಕಳಿಗಾಗಿ ವಾಪಸ್ ಬಂದಿದ್ದರು.

ನನ್ನವಳು ಏನೂ ಹೇಳಲಿಲ್ಲ. ಬ್ಯಾಗಿನಿಂದ ಒಂದು ಕಲ್ಲು ತೆಗೆದಳು. ನಿನ್ನೆ ಓಕೊಪೋವಾದಲ್ಲಿ ನೋಡಿ, ಬೆಳಿಗ್ಗೆ ಮನೆಯ ಮುಂದೆ ಹೆಕ್ಕಿಕೊಂಡು ಬಂದಿದ್ದಳಂತೆ. ಅಲ್ಲಿ ಆಗಲೇ ತುಂಬ ಕಲ್ಲುಗಳಿದ್ದವು. ನಡುವೆ ಒಂದು ಪ್ಲಾಸ್ಟಿಕ್ ಆಟದ ಕಾರು, ಮಳೆನೀರು ತುಂಬಿಕೊಂಡು.

ವಾಪಸ್ ಬರುವಾಗ ಡ್ರೈವರ್ ಕೇಳದೆಯೇ ರಸ್ತೆ ಬದಿಗೆ ನಿಲ್ಲಿಸಿದ. ಒಬ್ಬ ಹೆಂಗಸು ಗಾಜಿನ ಜಾಡಿಗಳಲ್ಲಿ ಕಾಡಿನ ನೀಲಿ ಹಣ್ಣು ಮಾರುತ್ತಿದ್ದಳು. ಒಂದು ಜಾಡಿ ಕೊಂಡು ನಮ್ಮ ಕೈಗಿಟ್ಟು, ತನ್ನ ನಾಲಿಗೆ ಚಾಚಿ ತೋರಿಸಿದ. ತಿಂದರೆ ಹೀಗೆ ನೀಲಿಯಾಗುತ್ತದೆ ಅಂತ. ಕಾಸು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಅಲ್ಲಿಗೆ ಹೋಗಿ ಬಂದವರು ಊಟ ಮಾಡುವುದಿಲ್ಲ. ಹಣ್ಣು ತಿನ್ನುತ್ತಾರೆ" ಅಂದ. ರೈಲಿನಲ್ಲಿ ಇಬ್ಬರೂ ಜಾಡಿ ಖಾಲಿ ಮಾಡಿದೆವು.

ಐದನೇ ದಿನ, ಮಂಗಳವಾರ

ರಾತ್ರಿ ವಿಮಾನ. ಬೆಳಿಗ್ಗೆ ಅಳಿಯ ಓಖೋತಾ ಬಡಾವಣೆಗೆ ಕರೆದುಕೊಂಡು ಹೋದ. "ಇಲ್ಲಿ ನಮ್ಮವರದ್ದೂ ಒಂದು ಚೌಕ ಇದೆ ಮಾವ" ಅಂದ. 'ಒಳ್ಳೆಯ ಮಹಾರಾಜನ ಚೌಕ'. ಗುಜರಾತಿನ ನವಾನಗರ ಸಂಸ್ಥಾನದ ರಾಜ ಜಾಮ್ ಸಾಹೇಬ್ ದಿಗ್ವಿಜಯ ಸಿಂಹರ ನೆನಪಿಗೆ. ಸೋವಿಯತ್ ಒಕ್ಕೂಟದಿಂದ ಬಂದ ಪೋಲಿಷ್ ಮಕ್ಕಳಿಗೆ 1942ರಲ್ಲಿ ಜಾಮ್‌ನಗರದ ಹತ್ತಿರ ಬಾಲಾಚಡಿಯಲ್ಲಿ ನೆಲೆ ಕೊಟ್ಟವರು. ಆ ಮಕ್ಕಳಲ್ಲಿ ಹೆಚ್ಚಿನವರು ಕ್ಯಾಥೊಲಿಕ್ಕರು, ಕೆಲವರು ಯಹೂದಿಗಳು. ಬೆಳಗಾವಿಯಿಂದ ದೂರವೇನಲ್ಲದ ಕೊಲ್ಲಾಪುರದ ವಳಿವಡೆಯಲ್ಲೂ ಆಮೇಲೆ ಇಂಥದ್ದೇ ದೊಡ್ಡ ಶಿಬಿರ ಇತ್ತು. ನಲವತ್ತು ಸಲ ಆ ದಾರಿಯಲ್ಲಿ ಮಹಾಲಕ್ಷ್ಮಿ ದರ್ಶನಕ್ಕೆ ಹೋಗಿದ್ದೇನೆ, ಗೊತ್ತಾಗಲು ವಾರ್ಸಾಗೆ ಬರಬೇಕಾಯಿತು.

ಕೊನೆಗೆ ಸ್ಟಾವ್ಕಿ ಬೀದಿ. ರೈಲು ಹತ್ತಿಸುತ್ತಿದ್ದ ಜಾಗ, ಉಮ್‌ಶ್ಲಾಗ್‌ಪ್ಲಾಟ್ಸ್. ಬಿಳಿ ಕಲ್ಲಿನ ಗೋಡೆಯ ಮೇಲೆ ನಾನೂರಕ್ಕೂ ಹೆಚ್ಚು ಹೆಸರುಗಳಿವೆ. ಬರೀ ಕರೆಯುವ ಹೆಸರು, ಅಬಾದಿಂದ ಜಾನ್ನಾವರೆಗೆ, ಅಕ್ಷರದ ಕ್ರಮದಲ್ಲಿ. ಪಕ್ಕದಲ್ಲೇ ಬಸ್ಸು, ಆಫೀಸಿಗೆ ಓಡುವವರು. ಪುಟ್ಟಿ ಹೆಸರುಗಳ ಮೇಲೆ ಬೆರಳಿಟ್ಟು ಓದುತ್ತಾ ಹೋದಳು. ಹಾಜರಿ ಕರೆದ ಹಾಗೆ. ನಾನು ಮೂವತ್ತನಾಲ್ಕು ವರ್ಷ ಹಾಜರಿ ಕರೆದವನು. ಸ್ವಲ್ಪ ದೂರ ಹೋಗಿ ನಿಂತೆ.

ಮನೆಗೆ ಬಂದು ಪೆಟ್ಟಿಗೆ ಕಟ್ಟುವಾಗ ನೋಡಿದರೆ, ನನ್ನ ಶೂ ಡಬ್ಬಿಗೆ ಸೀಳು ಮಾಡಿ ಬಾಗಿಲ ಬಳಿ ಇಟ್ಟಿದ್ದಾಳೆ. ಮೇಲೆ 'ಕೋರ್ಟ್' ಅಂತ ಬರೆದಿದೆ. ಒಳಗೆ ಒಂದೇ ಚೀಟಿ. 'ತಾತ ಟ್ರಾಮ್‌ನಲ್ಲಿ ಬೈದರು. ನಾನು ಸರಿಯಾಗೇ ಒತ್ತಿದ್ದೆ.' ಜಡ್ಜ್‌ಗಳು ಅಜ್ಜಿ, ಅಮ್ಮ, ಅಪ್ಪ. ಚೀಟಿ ಎತ್ತಿದ್ದೇನೂ ಇಲ್ಲ, ಎಲ್ಲ ಅವಳೇ ನೇಮಿಸಿದ್ದು. ನಾನು ಸೋಫಾದ ತುದಿಯಲ್ಲಿ ಕೂತು, 20 ನಿಮಿಷದ ಟಿಕೆಟ್ ತೆಗೆದದ್ದು ನಾನೇ ಅಂತ ಒಪ್ಪಿಕೊಂಡೆ. ಒಳಗೆ ಹೋಗಿ ಪಿಸಿಪಿಸಿ ಮಾತಾಡಿ ಬಂದರು. ತೀರ್ಪು ಓದಿದ್ದು ಅಜ್ಜಿ.

ನೂರನೇ ಕಲಮು. ಕ್ಷಮೆ ಇಲ್ಲ.

ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲಿ ನಾನು 75 ನಿಮಿಷದ ಟಿಕೆಟ್ ತೆಗೆದೆ. ಒತ್ತಲು ಅವಳ ಕೈಗೇ ಕೊಟ್ಟೆ.